ನನ್ನ ಸೀಟಿನಲ್ಲಿ ಮರಳಿನ ಮೂಟೆ

ದೂರದ ಬೆಟ್ಟ ಪ್ಲಾನಿಗೆ ನುಣ್ಣಗೆ.

ಗಾದೆ ಹಾಗಲ್ಲ, ‘ಕಣ್ಣಿಗೆ ನುಣ್ಣಗೆ’ ಎಂದು ತಿದ್ದಲು ಎದ್ದವರು ದಯವಿಟ್ಟು ಕೂತುಕೊಳ್ಳಿ. ಕಣ್ಣಿಗೆ ಕಾಣಬೇಕಾದರೆ ಬೆಟ್ಟದ ದಿಕ್ಕಿಗೆ ಒಂದಿಷ್ಟಾದರೂ ಹೋಗಿರಬೇಕಲ್ಲ? ನಾನು ಮನಸ್ಸು ಕೊಟ್ಟ ಮಹಾನುಭಾವ ಬೆಟ್ಟದ ದೇಶಕ್ಕೆ ಹೊರಟು ಎರಡು ವರ್ಷವಾಗಿತ್ತು. ಇನ್ನೂ ಊರಿನ ಗಡಿಯನ್ನೇ ದಾಟಿರಲಿಲ್ಲ. ಇದು ನಡೆದದ್ದು ನಡೆದ ಹಾಗೆ ಬರೆದದ್ದು. ನಂಬಿಕೆ ಬರದಿದ್ದರೆ ಅವನ ಸೋದರತ್ತೆಯನ್ನು ಕೇಳಿ. ಅವರು ಇದನ್ನೇ ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳುತ್ತಾರೆ.

ನನ್ನ ಕೆಲಸ ಧ್ವನಿ. ಡಬ್ಬಿಂಗ್ ಸ್ಟುಡಿಯೋದಲ್ಲಿ ಬೆಳಿಗ್ಗೆ ರಾಣಿಯಾಗಿ ಆಜ್ಞೆ ಮಾಡುತ್ತೇನೆ, ಮಧ್ಯಾಹ್ನ ಅಳಿಲಾಗಿ ಕೀಚಲು ದನಿಯಲ್ಲಿ ಅಳುತ್ತೇನೆ, ಸಂಜೆ ಟೂತ್‌ಪೇಸ್ಟ್ ಹೊಗಳುವ ಡಾಕ್ಟರಾಗುತ್ತೇನೆ. ನಮ್ಮೂರಿನ ಅರ್ಧದಷ್ಟು ಲಿಫ್ಟುಗಳಲ್ಲಿ “ಬಾಗಿಲು ತೆರೆಯುತ್ತಿದೆ, ದಯವಿಟ್ಟು ಪಕ್ಕಕ್ಕೆ ಸರಿಯಿರಿ” ಎನ್ನುವವಳೂ ನಾನೇ.

ಅವನ ಕೆಲಸ ಲಿಫ್ಟ್. ಕಟ್ಟಡ ಕಟ್ಟಡಕ್ಕೆ ಹೋಗಿ ಲಿಫ್ಟು ಸರಿಯಿದೆಯೋ ಇಲ್ಲವೋ ನೋಡಿ ಸರ್ಟಿಫಿಕೇಟ್ ಕೊಡುವ ಇನ್ಸ್‌ಪೆಕ್ಟರ್. ಕೊಡುವ ಇನ್ಸ್‌ಪೆಕ್ಟರ್ ಎನ್ನುವುದಕ್ಕಿಂತ ಕೊಡದ ಇನ್ಸ್‌ಪೆಕ್ಟರ್ ಎನ್ನುವುದೇ ಸರಿ. ಅವನ ಆಫೀಸಿನಲ್ಲಿ ಅವನಿಗೆ ‘ಇನ್ನೊಂದ್ಸಲ’ ಎಂದು ಅಡ್ಡಹೆಸರು.

ನಾವು ಭೇಟಿಯಾದದ್ದು ಅಧೋಗತಿಯಲ್ಲಿ. ಅಂದರೆ, ಕೆಳಗಿಳಿಯುತ್ತಿದ್ದ ಲಿಫ್ಟೊಂದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ನಾನು “ಯಾರಾದ್ರೂ ಬನ್ರೀ!” ಎಂದು ಕಿರುಚುತ್ತಿದ್ದೆ. ತಲೆಯ ಮೇಲಿನ ಸ್ಪೀಕರಿನಿಂದ ಇನ್ನೊಬ್ಬಳು ನಾನು ಜೇನು ಸವರಿದ ಸ್ವರದಲ್ಲಿ “ಬಾಗಿಲು ತೆರೆಯುತ್ತಿದೆ” ಎನ್ನುತ್ತಿದ್ದೆ. ತೆರೆಯುತ್ತಿರಲಿಲ್ಲ. ನನ್ನ ಮೇಲೆ ನನಗೇ ಅಷ್ಟು ಸಿಟ್ಟು ಅದಕ್ಕೂ ಮೊದಲು ಬಂದಿರಲಿಲ್ಲ.

“ಗಾಬರಿ ಆಗ್ಬೇಡಿ ಮೇಡಂ,” ಹೊರಗಿನಿಂದ ಗಂಡು ಧ್ವನಿ ಬಂತು. “ಚೆಕ್ ಮಾಡ್ತಾ ಇದೀನಿ.”

“ಚೆಕ್ ಆಮೇಲೆ ಮಾಡಿ! ಮೊದಲು ಈ ಹೆಂಗಸಿನ ಬಾಯಿ ಮುಚ್ಚಿಸಿ!”

ಹೊರಗೆ ಏನನ್ನೋ ತಿರುಗಿಸುವ ಕಿರ್ ಕಿರ್ ಸದ್ದು. ಆಮೇಲೆ ಬಹಳ ಗಂಭೀರವಾಗಿ, “ಅವರಿಗೆ ಏನೂ ಅನ್ಬೇಡಿ. ದಿನವಿಡೀ ನನ್ನ ಹತ್ರ ತಾಳ್ಮೆಯಿಂದ ಮಾತಾಡೋದು ಈ ಊರಲ್ಲಿ ಅವರೊಬ್ಬರೇ,” ಎಂದ.

ಬಾಗಿಲು ಸರಿದಾಗ ಎದುರಿಗಿದ್ದದ್ದು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಉದ್ದನೆಯ ಮನುಷ್ಯ. ಅವನ ಕಣ್ಣು ಮೊದಲು ಲಿಫ್ಟಿನ ಚಾವಣಿಗೆ ಹೋಯಿತು, ಆಮೇಲೆ ನೆಲಕ್ಕೆ, ಆಮೇಲೆ ಬಾಗಿಲಿನ ಸಂದಿಗೆ. ಎಲ್ಲ ಮುಗಿದ ಮೇಲೆ ನನ್ನ ಮುಖಕ್ಕೆ ಬಂದು ಅಲ್ಲೇ ನಿಂತಿತು. ನಾನು ಅತ್ಯಂತ ಮಧುರವಾಗಿ ಹೇಳಿದೆ: “ಬಾಗಿಲು ತೆರೆಯುತ್ತಿದೆ. ದಯವಿಟ್ಟು ಪಕ್ಕಕ್ಕೆ ಸರಿಯಿರಿ.”

ಕಿವಿಯ ಪೆನ್ಸಿಲ್ ಕೆಳಗೆ ಬಿತ್ತು. ಅವನು ಸರಿಯಲಿಲ್ಲ.

ಅಂದಿನಿಂದ ನಾವು ಸ್ನೇಹಿತರು. ‘ಸ್ನೇಹಿತರು’ ಎಂದು ಬರೆಯುವಾಗ ಹಲ್ಲು ಕಡಿಯುತ್ತಿದ್ದೇನೆ, ನಿಮಗೆ ಕೇಳಿಸುವುದಿಲ್ಲ ಅಷ್ಟೆ.

ಬೆಟ್ಟದ ದೇಶ ನಮ್ಮ ನಡುವೆ ಬಂದದ್ದು ಒಂದು ಸಾಕ್ಷ್ಯಚಿತ್ರದಿಂದ. ಅದಕ್ಕೆ ನಿರೂಪಣೆ ಮಾಡಿದವಳು ನಾನು. ಮೋಡದೊಳಗೆ ಹೊಕ್ಕು, ಮೋಡದ ಮೇಲೆ ಹೊರಬರುವ ಒಂದು ರಸ್ತೆಯನ್ನು ಅದರಲ್ಲಿ ತೋರಿಸಿದ್ದರು. ಅದನ್ನು ಅವನಿಗೆ ವರ್ಣಿಸಿದೆ. ಅವನು ಕೇಳುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾನೆ. ಲಿಫ್ಟಿನ ಹಗ್ಗದ ಸದ್ದು ಆಲಿಸಿ ಆಲಿಸಿ ಬಂದ ಅಭ್ಯಾಸ. ತೆರೆದಿದ್ದ ಇನ್ನೊಂದು ಕಣ್ಣಿನಲ್ಲಿ ಆ ರಸ್ತೆ ಇಡೀ ಹರಿದು ಹೋದದ್ದನ್ನು ನಾನು ನೋಡಿದೆ.

“ಕಾರಲ್ಲೇ ಹೋಗೋಣ,” ಎಂದ.

ಅಷ್ಟಕ್ಕೇ ಕರಗಿ ನೀರಾದೆ. ಆ ನೀರು ಮತ್ತೆ ಗಟ್ಟಿಯಾಗುವಷ್ಟು ಕಾಲ ಹಿಡಿಯುತ್ತದೆಂದು ನನಗೇನು ಗೊತ್ತು?

ಅವನನ್ನು ಸಾಕಿದವರು ಅವನ ಸೋದರತ್ತೆ. ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿ, ಉಳಿದರ್ಧ ಜನ ರಸ್ತೆಗೆ ಇಳಿಯದಂತೆ ತಡೆದವರು. ಅವನ ಬಾಯಲ್ಲಿ ಕೇಳಿ ಕೇಳಿ ನಾನೂ ಅವರನ್ನು ಅತ್ತೆ ಎಂದೆ. ಮೊದಲ ಸಲ ಕರೆದಾಗ ಅವರು ಕನ್ನಡಕ ಮೂಗಿನ ತುದಿಗಿಳಿಸಿ, “ಯಾವ ಅರ್ಥದಲ್ಲಮ್ಮಾ?” ಎಂದಿದ್ದರು. ನನಗೆ ಕೆಮ್ಮು ಬಂತು. ಅವನು ಓಡಿಹೋಗಿ ನೀರು ತಂದ. ಅರ್ಥ ಮಾತ್ರ ಅವನಿಗೆ ಆಗಲಿಲ್ಲ.

ನಮ್ಮ ಪ್ರಯಾಣದ ವಾಹನ ಅತ್ತೆಯ ಡ್ರೈವಿಂಗ್ ಸ್ಕೂಲಿನ ಹಳೆಯ ಕಾರು. ಕಲಿಸುವವರಿಗೆಂದು ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕ್ ಇರುವ ಕಾರು. ನಾನು ಓಡಿಸಿದಾಗ ಅವನು ಆ ಕಡೆಯಿಂದ ಬ್ರೇಕ್ ಒತ್ತುತ್ತಿದ್ದ. ಮುಂದೆ ನಾಯಿ ಕಂಡರೆ ಒತ್ತುತ್ತಿದ್ದ, ನಾಯಿ ಬರಬಹುದಾದ ಓಣಿ ಕಂಡರೂ ಒತ್ತುತ್ತಿದ್ದ.

“ಯಾಕೆ?” ಎಂದರೆ, “ಇನ್ನೊಂದ್ಸಲ ನೋಡ್ಬಿಡೋಣ ಅಂತ.”

ಇಬ್ಬರಿಗೂ ಬ್ರೇಕಿರುವ, ಆಕ್ಸಿಲರೇಟರ್ ಮಾತ್ರ ಒಬ್ಬರ ಕಾಲ ಕೆಳಗಿರುವ ಗಾಡಿ. ನಮ್ಮ ಸಂಬಂಧದ ಬಗ್ಗೆ ಇದಕ್ಕಿಂತ ಹೆಚ್ಚು ವಿವರಿಸುವ ಶಕ್ತಿ ನನಗಿಲ್ಲ.

ದಿನವೂ ಸಂಜೆ ಸ್ಟುಡಿಯೋ ಮುಗಿಸಿ ಅವರ ಮನೆಗೆ ಹೋಗುತ್ತಿದ್ದೆ. ಊಟದ ಮೇಜಿನ ಮೇಲೆ ಎರಡು ದೇಶಗಳ ಮ್ಯಾಪು ಹರಡಿರುತ್ತಿತ್ತು. ಅತ್ತೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದರು. “ಚಹಾ ಎಲ್ಲಿಡ್ಲೋ?” ಎಂದು ಕೇಳಿದರೆ, “ಆ ಸರೋವರದ ಮೇಲೆ ಇಡಿ ಅತ್ತೆ, ಅಲ್ಲಿ ರಸ್ತೆ ಇಲ್ಲ,” ಎನ್ನುತ್ತಿದ್ದ.

ಪರ್ಮಿಟ್ ಆಯಿತು. ವಿಮೆ ಆಯಿತು. ಚಕ್ರಕ್ಕೆ ಕಟ್ಟುವ ಹಿಮದ ಸರಪಳಿ ಬಂತು. ಎತ್ತರದಲ್ಲಿ ಉಸಿರು ಕಟ್ಟಬಾರದೆಂದು ಜಗತ್ತಿಗೆಲ್ಲ ಲಿಫ್ಟ್ ಪಾಸು ಮಾಡುವ ಮನುಷ್ಯ ನನ್ನನ್ನು ಕಟ್ಟಡಗಳ ಮೆಟ್ಟಿಲು ಹತ್ತಿಸಿದ. ಆ ದೇಶದಲ್ಲಿ ರಸ್ತೆಯ ಬಲಗಡೆಗೆ ಓಡಿಸುತ್ತಾರೆಂದು ಮನೆಯೊಳಗೂ ಬಲಗಡೆಗೇ ನಡೆಯುವ ಅಭ್ಯಾಸ ಶುರುಮಾಡಿದ. ಒಂದು ಸಂಜೆ ಓಣಿಯಂಥ ಹಜಾರದಲ್ಲಿ ನಾನು ಎಡಗಡೆಯಿಂದ ಬರುತ್ತಿದ್ದೆ, ಅವನು ಎದುರಿಗೆ ಬಂದ. ಡಿಕ್ಕಿ. ನನ್ನ ಹಣೆ ಅವನ ಎದೆಗೆ ತಾಗಿತು. ಅಂಗಿಯಲ್ಲಿ ಮೆಷಿನ್ ಎಣ್ಣೆಯ, ಸಾಬೂನಿನ ವಾಸನೆ. ನನ್ನ ತೋಳು ಹಿಡಿದುಕೊಂಡಿದ್ದ, ಬಿಡಲಿಲ್ಲ. ಎದೆ ಬಡಿತ ಕೇಳಿಸುತ್ತಿತ್ತು. ಅವನದೋ ನನ್ನದೋ ತಿಳಿಯದು. ಈಗ ಹೇಳುತ್ತಾನೆ, ಈಗ, ಎಂದು ತಲೆಯೆತ್ತಿದೆ.

“ನೀನು ರಾಂಗ್ ಸೈಡಲ್ಲಿ ಬಂದೆ,” ಎಂದ.

ಅಡುಗೆಮನೆಯಿಂದ ಅತ್ತೆ ಕೂಗಿದರು: “ಲೋ ಕಂಬ! ಅವಳು ಸರಿಯಾಗಿಯೇ ಬಂದಿದಾಳೆ ಕಣೋ!”

ಇಷ್ಟರ ನಡುವೆ ಹಿಮದ ಭಯ ಬೇರೆ. ಚಳಿಗಾಲ ಬಂದರೆ ಕಣಿವೆಯ ದಾರಿ ಮುಚ್ಚುತ್ತದೆ. ಹೋದ ವರ್ಷ ಅವನು ಟೈರಿನ ಗಾಳಿ ನೋಡುತ್ತಿದ್ದಾಗಲೇ ಮುಚ್ಚಿಹೋಗಿತ್ತು. ಈ ವರ್ಷವೂ ಆ ದಿನ ಹತ್ತಿರವಾಗುತ್ತಿತ್ತು. ನಾನು ಮಾತ್ರ, ಈ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಅವನು ಕೇಳಬೇಕಾದ್ದನ್ನು ಕೇಳುತ್ತಾನೆಂದು ಕಾಯುತ್ತಿದ್ದೆ. ಮೋಡದೊಳಗಾದರೂ ಸರಿ, ಮೋಡದ ಮೇಲಾದರೂ ಸರಿ, ಪೆಟ್ರೋಲ್ ಬಂಕಿನಲ್ಲಾದರೂ ಸರಿ.

ಒಂದು ದಿನ ಗಡಿಯ ರಿಹರ್ಸಲ್ ಆಗಲೇಬೇಕೆಂದ. ಹಜಾರದಲ್ಲಿ ಎರಡು ಕುರ್ಚಿ ಮುಂದೆ, ಒಂದು ಹಿಂದೆ ಹಾಕಿದ. ಹಿಂದಿನ ಕುರ್ಚಿಯಲ್ಲಿ ಅತ್ತೆಯನ್ನು ಲಗೇಜಾಗಿ ಕೂರಿಸಿದ. ನಾನು ಗಡಿಯ ಅಧಿಕಾರಿ. ಮಿಮಿಕ್ರಿ ಎಂದರೆ ನನಗೆ ಕೇಳಬೇಕೇ? ಮೂಗಿನಿಂದ ಅರ್ಧ, ಹೊಟ್ಟೆಯಿಂದ ಅರ್ಧ ಧ್ವನಿ ತೆಗೆದು, ಪೊರಕೆಯನ್ನು ಅಡ್ಡಗಂಬಿ ಮಾಡಿ ನಿಂತೆ.

“ಹೂಂ. ಎಲ್ಲಿಗೆ?”

“ಬೆಟ್ಟ ನೋಡೋಕೆ ಸರ್.”

“ನಿಮ್ಮೂರಲ್ಲಿ ಬೆಟ್ಟ ಇಲ್ವಾ?”

“ಇಲ್ಲ ಸರ್. ವಾಟರ್ ಟ್ಯಾಂಕ್ ಇದೆ.”

“ಹಿಂದೆ ಏನದು?”

“ಲಗೇಜ್ ಸರ್.”

“ಲಗೇಜಿಗೆ ಚಹಾ ಬೇಕಂತೆ,” ಎಂದರು ಅತ್ತೆ.

ನಾನು ಖಾಲಿ ಕುರ್ಚಿಯ ಕಡೆ ಬೆರಳು ತೋರಿಸಿದೆ. ಆ ಕುರ್ಚಿ ನನ್ನದು. ಧ್ವನಿ ಅಧಿಕಾರಿಯದೇ, ಪ್ರಶ್ನೆ ಮಾತ್ರ ನನ್ನದು. “ಈ ಹೆಣ್ಣುಮಗಳು ನಿಮಗೆ ಏನಾಗ್ಬೇಕು?”

ಅವನು ಸ್ಟೇರಿಂಗ್ ಎಂದು ಹಿಡಿದುಕೊಂಡಿದ್ದ ತಟ್ಟೆಯನ್ನು ನೋಡಿದ. ಚಾವಣಿ ನೋಡಿದ. ನೆಲ ನೋಡಿದ. ಕೊನೆಗೆ, “ಸಹಪ್ರಯಾಣಿಕರು,” ಎಂದ.

ಸಹಪ್ರಯಾಣಿಕರು! ಬಸ್ಸಿನಲ್ಲಿ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವ ಅಪರಿಚಿತರಿಗೆ ಹೇಳುವ ಮಾತು. ಪೊರಕೆ ಕೆಳಗೆ ಹಾಕಿದೆ.

“ಸಹಪ್ರಯಾಣವೇ ಆದ್ರೆ ನನಗೆ ಬಸ್ಸೇ ಸಾಕು,” ಎಂದೆ, ಈ ಸಲ ನನ್ನದೇ ಧ್ವನಿಯಲ್ಲಿ. “ಅಲ್ಲಿಗೆ ಟೂರಿಸ್ಟ್ ಬಸ್ ಹೊರಡ್ತಾ ಇದೆ. ನಾಳೆಯೇ ಸೀಟ್ ಬುಕ್ ಮಾಡ್ತೀನಿ. ನೀನು ಟೈರ್ ನೋಡ್ಕೊಂಡು ಆರಾಮಾಗಿರು.”

“ಆ ಬಸ್ಸಿನ ಬ್ರೇಕ್ ಚೆಕ್ ಆಗಿದೆಯೋ ಇಲ್ವೋ...” ಎಂದು ಶುರುಮಾಡಿದ.

ಗೇಟನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ ಪಕ್ಕದ ಮನೆಯವರೂ ತಮ್ಮ ಬಾಗಿಲು ನೋಡಿಕೊಂಡರು.

ಬುಕ್ ಮಾಡಿದೆ. ಕಿಟಕಿ ಪಕ್ಕದ ಸೀಟು. ಅವನು ಫೋನ್ ಮಾಡಿದ್ದು ಒಂದೇ ಸಲ, “ಸೀಟ್‌ಬೆಲ್ಟ್ ಇದೆಯಾ?” ಎಂದು ಕೇಳಲು. ಉತ್ತರವಾಗಿ ಲಿಫ್ಟಿನ ಧ್ವನಿಯಲ್ಲಿ “ಬಾಗಿಲು ಮುಚ್ಚುತ್ತಿದೆ” ಎಂದು ಹೇಳಿ ಫೋನಿಟ್ಟೆ. ಆಮೇಲೆ ಅಳಿಲಿನ ಡಬ್ಬಿಂಗ್ ಇತ್ತು. ಅಳುವ ದೃಶ್ಯ ಒಂದೇ ಟೇಕಿನಲ್ಲಿ ಓಕೆಯಾಯಿತು.

ಬಸ್ಸು ಹೊರಡಲು ಇನ್ನೆರಡೇ ದಿನವಿತ್ತು. ಸಂಜೆ ಸ್ಟುಡಿಯೋದ ಎದುರಿನ ಸಿಗ್ನಲ್ಲಿನಲ್ಲಿ ರಸ್ತೆ ದಾಟಲು ನಿಂತಿದ್ದೆ. ಅತ್ತೆಯ ಕಾರು ಬಂದು ಕೆಂಪು ದೀಪಕ್ಕೆ ನಿಂತಿತು. ಒಳಗೆ ಅವನು. ಮಾತಾಡುತ್ತಿದ್ದ. ನನ್ನ ಹತ್ತಿರ ಒಂದು ಪೂರ್ತಿ ವಾಕ್ಯವನ್ನೂ ಆಡದ ಮನುಷ್ಯ ಕೈಬೀಸಿ, ಹುಬ್ಬೆತ್ತಿ, ಅರ್ಧ ತುಟಿಯಲ್ಲಿ ನಗುತ್ತ ಮಾತಾಡುತ್ತಿದ್ದ. ಪಕ್ಕದ ಸೀಟಿನಲ್ಲಿ ಒಬ್ಬಳು ಕೂತಿದ್ದಳು. ಮುಖ ಕಾಣಲಿಲ್ಲ, ಟೋಪಿ ಮುಂದಕ್ಕೆಳೆದುಕೊಂಡಿದ್ದಳು. ಹಾಕಿಕೊಂಡಿದ್ದ ಜಾಕೆಟ್ಟು ಮಾತ್ರ ಚೆನ್ನಾಗಿ ಕಂಡಿತು. ಸಾಸಿವೆ ಬಣ್ಣದ, ಟೋಪಿಗೆ ತುಪ್ಪಳವಿದ್ದ ದಪ್ಪ ಜಾಕೆಟ್ಟು.

ನನ್ನ ಜಾಕೆಟ್ಟು!

ಬೆಟ್ಟಕ್ಕೆಂದು ಕೊಂಡು, ಬ್ಯಾಗು ತುಂಬುವ ರಿಹರ್ಸಲ್ಲಿಗೆಂದು ಅವರ ಮನೆಯಲ್ಲೇ ಬಿಟ್ಟಿದ್ದ ಜಾಕೆಟ್ಟು. ಹಸಿರು ದೀಪ ಬಂತು, ಕಾರು ಹೋಯಿತು. ನಾನು ಆಟೋ ಹಿಡಿದು ನೇರ ಅತ್ತೆಯ ಮುಂದೆ ಹೋಗಿ ನಿಂತೆ.

“ಯಾರು ಅತ್ತೆ ಅವಳು?”

“ಯಾವಳು?”

“ನನ್ನ ಜಾಕೆಟ್ ಹಾಕ್ಕೊಂಡು ನನ್ನ ಸೀಟಲ್ಲಿ ಕೂತಿರೋಳು!”

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕಣ್ಣಲ್ಲಿ ನೀರು ಬರುವಷ್ಟು ನಗು ಅವರಿಗೆ. “ನೀನೇ ಕಣೆ ಅದು! ಮರಳಲ್ಲಿ ಮಾಡಿದ ನೀನು!”

ವಿಷಯ ಇಷ್ಟು. ಲಿಫ್ಟಿಗೆ ಜನರನ್ನು ಹತ್ತಿಸುವ ಮೊದಲು ಖಾಲಿ ಓಡಿಸಿ ನೋಡುತ್ತಾರಂತೆ. ಆಮೇಲೆ ಜನರ ತೂಕದಷ್ಟು ಮರಳಿನ ಮೂಟೆ ಇಟ್ಟು ಓಡಿಸುತ್ತಾರಂತೆ. ಅದರಲ್ಲಿ ಪಾಸಾದ ಮೇಲೆಯೇ ಜೀವ ಇರುವವರು ಹತ್ತಬೇಕು. ಇವನೂ ಹಾಗೇ, ನನ್ನ ತೂಕದಷ್ಟು ಮರಳು ತುಂಬಿ, ಸೀಟಿಗೆ ಕೂರಿಸಿ, ಬೆಲ್ಟು ಕಟ್ಟಿ, ನಾನು ಗೇಟು ಹಾಕಿಕೊಂಡು ಹೋದಂದಿನಿಂದ ದಿನಾ ಸಂಜೆ ಓಡಿಸುತ್ತಿದ್ದ. ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟು ಸರಿಯಾಗಿ ಹಿಡಿಯುತ್ತದೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಜಾಕೆಟ್ಟು. ತಲೆಯ ಎತ್ತರಕ್ಕೊಂದು ಫುಟ್‌ಬಾಲು.

“ನನ್ನ ತೂಕ ಅವನಿಗೆ ಹೇಗೆ ಗೊತ್ತು?”

“ಯಾವುದೋ ಲಿಫ್ಟ್ ಹೇಳ್ತಂತೆ.”

ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಮೂಟೆಯನ್ನು ನೋಡಿದ ಮೇಲೆ ಲಿಫ್ಟುಗಳ ಮೇಲಿನ ನಂಬಿಕೆಯೇ ಹೊರಟುಹೋಯಿತು.

“ಅದು ಹಾಳಾಗ್ಲಿ ಅತ್ತೆ. ಮೂಟೆ ಜೊತೆ ಅಷ್ಟೊಂದು ಮಾತಾಡ್ತಾನಲ್ಲ, ಏನು ಮಾತಾಡ್ತಾನೆ? ನನ್ನ ಹತ್ತಿರ ಟೈರ್, ಟ್ಯೂಬ್ ಬಿಟ್ರೆ ಬಾಯೇ ಇಲ್ಲ. ಮರಳಿಗೆ ಮರುಳಾಗಿದಾನಾ?”

“ನನಗೇನು ಗೊತ್ತು? ಡಿಕ್ಕಿಯಲ್ಲಿ ಕೂತು ಕೇಳೋ ವಯಸ್ಸಾ ನಂದು?” ಎಂದವರು ಒಮ್ಮೆಗೇ ಕನ್ನಡಕ ಏರಿಸಿಕೊಂಡರು. ನನ್ನ ಭುಜ, ಎತ್ತರ ಅಳೆಯುವವರಂತೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು. ತರಲೆಯಲ್ಲಿ ನಾವಿಬ್ಬರೂ ಹೆಣ್ಣು ಕೊಟ್ಟು ತಂದಷ್ಟು ಹತ್ತಿರದವರು.

ಪ್ಲಾನು ಸರಳ. ಮೂಟೆಯ ಜಾಗದಲ್ಲಿ ನಾನು ಕೂರಬೇಕು. ಕಾರು ರಸ್ತೆ ಬದಿಗೆ ನಿಂತಾಗ, ಅತ್ತೆಯ ಧ್ವನಿಯಲ್ಲಿ “ಲೋ, ಕ್ಲಚ್ ಬಿಡೋ ದಂಡಪಿಂಡ!” ಎಂದು ಕಿರುಚಬೇಕು. ಅವನು ಚಾವಣಿಗೆ ಹಾರಬೇಕು. ಆಮೇಲೆ ನಾನು ಗೆದ್ದ ಮುಖದಲ್ಲಿ ಬಸ್ಸು ಹತ್ತಬೇಕು.

ಮರುದಿನ ಸಂಜೆ ಅವನು ಕೈಕಾಲು ತೊಳೆಯುತ್ತಿದ್ದಾಗ ಅತ್ತೆ ಮೂಟೆಯ ಬೆಲ್ಟು ಬಿಚ್ಚಿದರು. ನಾನೂ ಅವರೂ ಸೇರಿ ಅದನ್ನು ಎಳೆದು ಒಳಗೆ ಸಾಗಿಸಿದೆವು. ಜಾಕೆಟ್ಟು ತೊಟ್ಟು, ಟೋಪಿ ಎಳೆದುಕೊಂಡು, ಮುಖವನ್ನು ಎಡಗಡೆಯ ಕಿಟಕಿಗೆ ತಿರುಗಿಸಿ ಕೂತೆ. ಅತ್ತೆ ಬೆಲ್ಟು ಕಟ್ಟುತ್ತ ಪಿಸುಗುಟ್ಟಿದರು: “ಉಸಿರು ಸಣ್ಣಗೆ ಬಿಡು. ಬಾಯಿ ಮಾತ್ರ ಬಿಡಬೇಡ.”

“ನಗು ಬಂದ್ರೆ?”

“ಮರಳು ನಗಲ್ಲ ಕಣೆ.”

ಅವನು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಟೈರುಗಳಿಗೆ ಒದ್ದ. ಹತ್ತಿ ಕೂತ. ಕನ್ನಡಿ ನೋಡಿದ. ಆಮೇಲೆ ಕೈಚಾಚಿ ನನ್ನ ಬೆಲ್ಟನ್ನು ಎಳೆದು ನೋಡಿದ. ಅವನ ಮುಂಗೈ ನನ್ನ ಗಲ್ಲದ ಕೆಳಗೆ ಹಾದುಹೋಯಿತು. ನನ್ನ ಜೀವ ಬಾಯಿಗೆ ಬಂತು. ಬಾಯಿ ಬಿಡಬಾರದೆಂದಿದ್ದರಲ್ಲ, ಅಲ್ಲೇ ತಡೆದುಕೊಂಡೆ.

“ಏನಮ್ಮಾ, ಇವತ್ತು ಕುಗ್ಗಿದೀಯಲ್ಲ?” ಎಂದ ಅಕ್ಕರೆಯಿಂದ. “ಎಲ್ಲಾದ್ರೂ ಸೋರ್ತಾ ಇದೀಯಾ?”

ಸಿಟ್ಟು, ಸಂತೋಷ ಎರಡೂ ಒಟ್ಟಿಗೆ ಬಂದವು. ಕುಗ್ಗಿದೀಯ ಎಂದದ್ದು ಸಂತೋಷ.

ಕಾರು ಪೇಟೆ ದಾಟಿ ಊರಿನ ಒಂದೇ ಏರಾದ ವಾಟರ್ ಟ್ಯಾಂಕಿನ ದಾರಿ ಹಿಡಿಯಿತು. ಟ್ಯಾಂಕಿನ ಪಕ್ಕ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. ಕೆಳಗೆ ಊರಿನ ಮಾಳಿಗೆಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಕಿರುಚಲು ಇದೇ ಸಮಯ. ಗಂಟಲಲ್ಲಿ ಅತ್ತೆಯನ್ನು ಸಿದ್ಧಮಾಡಿಕೊಂಡೆ.

“ಸರಿ. ಮೊದಲಿಂದ,” ಎಂದು ಅವನು ಗಂಟಲು ಸರಿಮಾಡಿಕೊಂಡ. “ನಮ್ಮಿಬ್ಬರ ಒಡನಾಟವನ್ನು ಎಲ್ಲ ದೃಷ್ಟಿಯಿಂದಲೂ ಪರಿಶೀಲಿಸಲಾಗಿ, ಗಂಭೀರವಾದ ಯಾವುದೇ ದೋಷ ಕಂಡುಬಂದಿರುವುದಿಲ್ಲವಾದ್ದರಿಂದ...”

ನಿಲ್ಲಿಸಿದ. ಹಣೆಯನ್ನು ಸ್ಟೇರಿಂಗಿಗೆ ಕುಟ್ಟಿಕೊಂಡ.

“ಥೂ. ಇದು ಲಿಫ್ಟಿಗೆ ಬರೆಯೋದು. ಇಷ್ಟು ಹೇಳಿದ್ರೆ ಅವಳೇನಂತಾಳೆ?” ಎಂದವನೇ ಧ್ವನಿಯನ್ನು ಎತ್ತರಿಸಿ, ಕೀರಲು ಮಾಡಿ, “‘ಅಯ್ಯೋ ಇನ್ಸ್‌ಪೆಕ್ಟರೇ! ಹಾಗಾದ್ರೆ ಸರ್ಟಿಫಿಕೇಟ್ ಯಾವಾಗ ಕೊಡ್ತೀರಾ?’ ಅಂತಾಳೆ.”

ಅದು ನಾನಂತೆ! ಊರಿಗೆಲ್ಲ ಮಿಮಿಕ್ರಿ ಮಾಡುವ ನನ್ನ ಮಿಮಿಕ್ರಿ! ಕೊಕ್ಕರೆಗೆ ನೆಗಡಿಯಾದ ಹಾಗಿತ್ತು. ನಗು ಹೊಟ್ಟೆಯಲ್ಲಿ ಕುದಿಯಿತು. ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡಿದೆ. ಈಗ ಕಿರುಚಿಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ಅವನು ಬೇರೆಯದೇ ಧ್ವನಿಯಲ್ಲಿ ಮಾತು ಶುರುಮಾಡಿದ. ನಾನು ಎಂದೂ ಕೇಳಿರದ ಸಣ್ಣ ಧ್ವನಿ.

“ನಿನ್ನ ಹತ್ತಿರ ಸುಳ್ಳು ಯಾಕೆ? ಟೈರ್ ಸರಿಯಾಗೇ ಇದೆ. ಹೋದ ವರ್ಷವೂ ಸರಿಯಾಗೇ ಇತ್ತು. ಬ್ರೇಕ್, ಆಯಿಲ್, ಎಲ್ಲಾ ಸರಿಯಿದೆ. ಆದ್ರೆ ಹೊರಟ್ರೆ ಒಂದಿನ ವಾಪಸ್ ಬರ್ಬೇಕಲ್ಲ? ವಾಪಸ್ ಬಂದ ಮೇಲೆ ಅವಳು ನಮ್ಮನೆಗೆ ಯಾಕೆ ಬರ್ತಾಳೆ? ಈಗ ಮ್ಯಾಪ್ ಇದೆ, ಬರ್ತಾಳೆ. ದಿನಾ ಬೈಕೊಂಡು ಬರ್ತಾಳೆ, ಬೈಕೊಂಡು ಹೋಗ್ತಾಳೆ. ಬೆಳಿಗ್ಗೆಯಿಂದ ಯಾವ ಲಿಫ್ಟಲ್ಲಿ ನಿಂತ್ರೂ ಅವಳ ಮಾತು ಕೇಳಿಸ್ತಿರುತ್ತೆ. ಆದ್ರೆ ಅದರಲ್ಲಿ ಬೈಗುಳ ಇರಲ್ಲ. ಸಂಜೆ ಬಂದು ಬೈದ ಮೇಲೇ ನನಗೆ ಸಮಾಧಾನ.”

ನಾನು ಜಾಕೆಟ್ಟಿನ ತೋಳಿನೊಳಗೆ ಬೆರಳು ಮಡಚಿಕೊಂಡೆ.

“ನಾಳೆ ಬೆಳಿಗ್ಗೆ ಬಸ್ ಹತ್ತುತ್ತಾಳೆ,” ಎಂದ. “ಹತ್ಲಿ. ಅವಳಿಗೆ ಆ ರಸ್ತೆ ನೋಡ್ಬೇಕು, ನೋಡ್ಲಿ. ನನಗೆ ಬೆಟ್ಟ ಬೇಕಾಗೇ ಇರ್ಲಿಲ್ಲ. ಕೇಳ್ಬೇಕಾಗಿದ್ದು ಇಷ್ಟೇ.” ಅವನು ನೆಟ್ಟಗೆ ಕೂತದ್ದಕ್ಕೆ ಸೀಟು ಕಿರುಗುಟ್ಟಿತು. “ನನ್ನ ಜೊತೆ ಇರ್ತೀಯಾ? ಬೆಟ್ಟಕ್ಕೆ ಅಂತಲ್ಲ. ಎಲ್ಲಿಗೂ ಹೋಗೋದಿಲ್ಲದ ದಿನಗಳು ಇರ್ತಾವಲ್ಲ, ಆಗ್ಲೂ. ಇರ್ತೀಯಾ?”

ಅತ್ತೆಯ ಧ್ವನಿ ಗಂಟಲಲ್ಲೇ ಎಲ್ಲೋ ಕರಗಿಹೋಯಿತು. ರಾಣಿ, ಅಳಿಲು, ಡಾಕ್ಟರ್ ಒಬ್ಬರೂ ನೆರವಿಗೆ ಬರಲಿಲ್ಲ.

“ಹೂಂ,” ಎಂದೆ.

“ಥ್ಯಾಂ‌ಕ್ಸ್,” ಎಂದ ಅವನು.

ಹ್ಯಾಂಡ್‌ಬ್ರೇಕ್ ಇಳಿಸಲು ಕೈಯಿಟ್ಟ. ಕನ್ನಡಿ ನೋಡಿದ. ಇಂಡಿಕೇಟರ್ ಹಾಕಿದ. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿದ್ದಂತೆ ಅವನ ಕುತ್ತಿಗೆ ನಿಧಾನವಾಗಿ, ಬಹಳ ನಿಧಾನವಾಗಿ, ನನ್ನ ಕಡೆಗೆ ತಿರುಗಿತು.

ನಾನು ಟೋಪಿ ಸರಿಸಿದೆ.

ಅವನು ಕಿರುಚಲಿಲ್ಲ. ಇಂಜಿನ್ ಆರಿಸಿದ, ಬಾಗಿಲು ತೆರೆದ, ಇಳಿದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ಯಾವ ಟೈರಿಗೂ ಒದೆಯಲಿಲ್ಲ. ಇನ್ನೊಂದು ಸುತ್ತು ಹಾಕಿದ. ನನಗೆ ಹೆದರಿಕೆಯಾಯಿತು. ಕೇಳಬೇಕೆಂದು ನಾನು ಕಾದಿದ್ದ ಮಾತನ್ನೇ ನಾನು ಕದ್ದು ಕೇಳಿಸಿಕೊಂಡಿದ್ದೆ. ಅವನಿಗೆ ನಾಚಿಕೆಯಾಗಿ, ನೋವಾಗಿ, ಇನ್ನು ಮುಂದೆ ಮೂಟೆಯ ಹತ್ತಿರವೂ ಬಾಯಿ ಬಿಡದೆ ಹೋದರೆ? ಅವನು ನನ್ನ ಕಡೆಯ ಕಿಟಕಿಗೆ ಬಂದು ಬಗ್ಗಿದ. ಕಿವಿ ಕೆಂಪಾಗಿದ್ದವು.

“ಯಾವಾಗಿಂದ?” ಎಂದು ಕೇಳಿದ.

“ಬೆಲ್ಟ್ ಎಳೆದಾಗಿಂದ.”

“ಹಾಗಾದ್ರೆ ಕುಗ್ಗಿದೀಯ ಅಂದಿದ್ದು...”

“ಅದೊಂದು ಮಾತಿಗಾಗಿ ನಿನ್ನನ್ನ ಉಳಿಸಿದೀನಿ.”

ಅವನ ಕಣ್ಣು ಚಾವಣಿಗೂ ಹೋಗಲಿಲ್ಲ, ನೆಲಕ್ಕೂ ಹೋಗಲಿಲ್ಲ. ನೇರ ನನ್ನ ಮುಖಕ್ಕೇ ಬಂತು. ಬಾಚಣಿಗೆ ಕಾಣದ ನನ್ನ ತಲೆಗೂದಲನ್ನು, ಕಚ್ಚಿ ಕಚ್ಚಿ ಕೆಂಪಾದ ತುಟಿಯನ್ನು, ಗಲ್ಲದ ಬೆವರನ್ನು ಒಂದೊಂದಾಗಿ ನೋಡಿದ. ಪರೀಕ್ಷೆಯ ನೋಟವಲ್ಲ ಅದು. ಹಸಿದವನು ಊಟದ ಮುಂದೆ ಕೂತ ಹಾಗಿತ್ತು.

“ಆ ‘ಹೂಂ’ ಮೂಟೆಯದಾ, ನಿಂದಾ?”

“ಮೂಟೆಯದು. ನನ್ನನ್ನ ಬೇರೆಯಾಗಿ ಕೇಳ್ಬೇಕು.”

ಕೇಳಿದ. ಒರಟಾಗಿ, ಮಧ್ಯೆ ತಡವರಿಸಿ, ‘ದೋಷ ಕಂಡುಬಂದಿರುವುದಿಲ್ಲ’ ಒಂದೂ ಇಲ್ಲದೆ ಕೇಳಿದ. ನಾನು ಹೇಳಿದ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಕಿಟಕಿಯ ಗಾಜು ನಡುವೆ ಅರ್ಧ ಏರಿ ನಿಂತಿತ್ತು, ಅದನ್ನು ಇಳಿಸುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ, ಅವನ ಮೂಗು ಗಾಜಿಗೆ ತಾಗಿತು ಎಂದಷ್ಟೇ ಹೇಳಬಲ್ಲೆ.

“ಬಸ್ ಕ್ಯಾನ್ಸಲ್ ಮಾಡ್ತೀಯಾ?” ಎಂದ ಮೂಗುಜ್ಜಿಕೊಳ್ಳುತ್ತ.

“ನೀನು ಹೊರಡ್ತೀಯಾ?”

“ನಾಳೆ ಬೆಳಿಗ್ಗೆ. ಆ ಬಸ್ಸಿಗಿಂತ ಮುಂಚೆ.”

“ಟೈರ್?”

“ಟೈರ್ ಮನೆ ಹಾಳಾಗ್ಲಿ!”

ನಾನು ನಕ್ಕೆ. ಅವನು ಇನ್ನೂ ನಕ್ಕಿರಲಿಲ್ಲ, ಏನೋ ಲೆಕ್ಕ ಹಾಕುತ್ತಿದ್ದ. ಹುಬ್ಬು ಗಂಟಾಯಿತು.

“ಒಂದ್ನಿಮಿಷ. ನೀನು ಇಲ್ಲಿದೀಯಾ. ಹಾಗಾದ್ರೆ ಮೂಟೆ ಎಲ್ಲಿದೆ?”

“ನಿನ್ನ ಹಾಸಿಗೆ ಮೇಲೆ. ಅತ್ತೆ ಹೊದಿಕೆ ಹೊದಿಸಿ ಮಲಗಿಸಿದಾರೆ. ‘ಇಷ್ಟು ದಿನ ಇವನ ಮಾತು ಕೇಳಿ ಸುಸ್ತಾಗಿದೆ, ಪಾಪ’ ಅಂದ್ರು.”

ಮೊದಲು ಅವನ ಭುಜ ಅಲುಗಿತು. ಆಮೇಲೆ ಬಾಯಿಯ ಅರ್ಧ, ಆಮೇಲೆ ಪೂರ್ತಿ. ಎರಡು ವರ್ಷದಲ್ಲಿ ನಾನು ಅವನ ಪೂರ್ತಿ ನಗುವನ್ನು ಕೇಳಿರಲಿಲ್ಲ. ಅದು ಗುಡುಗಿನ ಹಾಗೆ ಬಂದು ವಾಟರ್ ಟ್ಯಾಂಕಿಗೆ ಬಡಿದು ಹಿಂದಿರುಗಿತು. ಬಾನೆಟ್ಟಿನ ಮೇಲೆ ಕೈಯೂರಿ ನಕ್ಕ. “ಥ್ಯಾಂಕ್ಸ್ ಅಂದೆನಲ್ಲೇ ಮಾರಾಯ್ತಿ! ಮೂಟೆಗೆ ಥ್ಯಾಂಕ್ಸ್ ಅಂದೆ!” ಎಂದು ಹೇಳಿಕೊಂಡು, ಅದಕ್ಕೆ ತಾನೇ ಮತ್ತೆ ನಕ್ಕು, ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಾನೂ ನಕ್ಕು ನಕ್ಕು ಸಾಕಾಗಿ ನಿಲ್ಲಿಸಿದೆ, ಪಕ್ಕೆ ಹಿಡಿದುಕೊಂಡು ಕಾರಿಳಿದೆ. ಸಂಜೆ ವಾಕಿಂಗಿಗೆ ಬಂದ ಗಂಡಹೆಂಡತಿ ನಿಂತು ನೋಡಿ, “ಇವರಿಗೇನಾಯ್ತಮ್ಮಾ?” ಎಂದು ಕೇಳಿದರು.

ಹೇಳಲು ಬಾಯಿ ತೆರೆದೆ. ಅವನ ನಗುವಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.